ಕಾಂಕ್ರೀಟಿಗೆ ಟೈರ್ ಪುಡಿ ಬೆರೆಸುವ ಮುನ್ನ: ಶಿವಮೊಗ್ಗ ಪಾಲಿಕೆಗೆ, ಜಿಲ್ಲಾ ಪಂಚಾಯಿತಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು, ಶಿವಮೊಗ್ಗ ಮಹಾನಗರ ಪಾಲಿಕೆ
ಮಾನ್ಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಶಿವಮೊಗ್ಗ

ವಿಷಯ: ಹಳೇ ಟೈರಿನ ರಬ್ಬರ್ ಪುಡಿಯನ್ನು ಫುಟ್‌ಪಾತ್ ಮತ್ತಿತರ ಭಾರ ಹೊರದ ಕಾಂಕ್ರೀಟ್ ಕೆಲಸಗಳಿಗೆ ಬಳಸುವುದು; ಟೆಂಡರಿನಲ್ಲಿ ಇರಬೇಕಾದ ಷರತ್ತುಗಳು.

ಮಾನ್ಯರೇ,

ಮಳೆಗಾಲದಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗಾಗಲಿ, ಸಾಗರದ ಕಡೆಗಾಗಲಿ ಹೊರಟರೆ ಪಂಕ್ಚರ್ ಅಂಗಡಿಗಳ ಹಿಂದೆ ಒಂದರ ಮೇಲೊಂದು ಪೇರಿಸಿಟ್ಟ ಸವೆದ ಟೈರುಗಳು ಕಾಣುತ್ತವೆ. ಟೈರಿನ ಒಳಮಗ್ಗುಲಲ್ಲಿ ನಿಂತ ನೀರು ಎಷ್ಟು ಬಗ್ಗಿಸಿದರೂ ಪೂರ್ತಿ ಹೊರಬೀಳುವುದಿಲ್ಲ. ಅಲ್ಲಿ ಬಿಸಿಲಿಲ್ಲ, ಗಾಳಿಯಿಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡಲು ಹುಡುಕುವುದೇ ಅಂಥ ಜಾಗವನ್ನು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ನೀರು ನಿಲ್ಲಲು ಬಿಡುವವರಿಗೆ ದಂಡ ಹಾಕುವ ಅಧಿಕಾರವನ್ನು ತಮ್ಮಂಥ ಸಂಸ್ಥೆಗಳ ಕೈಗೆ ಕೊಟ್ಟಿತು. ದಂಡ ಹಾಕಬಹುದು. ಆದರೆ ಆ ಟೈರುಗಳನ್ನು ಎಲ್ಲಿಗೆ ಕಳಿಸಬೇಕೆಂದು ಅಂಗಡಿಯವರು ಕೇಳಿದರೆ ಉತ್ತರ ಬೇಕು. ಬೇಸಿಗೆಯಲ್ಲಿ ಸುಟ್ಟುಬಿಡುವುದು ಉತ್ತರವಲ್ಲ: ಸುಟ್ಟ ಜಾಗದಲ್ಲಿ ಕಪ್ಪು ಜಿಡ್ಡೂ ತಂತಿಯ ಸಿಂಬೆಯೂ ಉಳಿಯುತ್ತವೆ, ಮೊದಲ ಮಳೆಗೆ ಆ ಜಿಡ್ಡು ಹಳ್ಳ ಸೇರುತ್ತದೆ.

2022ರ ಜುಲೈನಲ್ಲಿ ಕೇಂದ್ರದ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ತಿದ್ದುಪಡಿ ಬಂದು, ಹಳೇ ಟೈರಿನ ಮರುಬಳಕೆಯ ಹೊಣೆ ಟೈರು ತಯಾರಿಸುವವರ ಮತ್ತು ಆಮದು ಮಾಡುವವರ ತಲೆಗೆ ಬಿತ್ತು. ಮೊದಲ ವರ್ಷಕ್ಕೆ ಶೇ 35, ಮರುವರ್ಷ ಶೇ 70, 2024-25ಕ್ಕೆ ಶೇ 100. ಹೀಗಾಗಿ ನೋಂದಾಯಿತ ಘಟಕಗಳಲ್ಲಿ ಟೈರ್ ಪುಡಿ ತಯಾರಾಗುತ್ತಿದೆ, ದೊರೆಯುತ್ತಿದೆ. ಡಾಂಬರಿಗೆ ಬೆರೆಸುವುದಕ್ಕೆ ಐಎಸ್ 17079ರಂಥ ಭಾರತೀಯ ಮಾನದಂಡಗಳೂ ಇವೆ. ಕಾಂಕ್ರೀಟಿಗೆ ಬೆರೆಸುವ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ‘ಮರಳಿನ ಬದಲು ಶೇ 10 ಟೈರ್ ಪುಡಿ ಬಳಸತಕ್ಕದ್ದು’ ಎಂಬ ಒಂದು ಸಾಲಿನ ಸುತ್ತೋಲೆ ಹೊರಟರೆ ಕೆಟ್ಟ ಕಾಂಕ್ರೀಟೇ ತಯಾರಾಗುತ್ತದೆ, ಆಮೇಲೆ ಹತ್ತು ವರ್ಷ ಯಾರೂ ಟೈರ್ ಪುಡಿಯ ಹೆಸರೆತ್ತುವುದಿಲ್ಲ. ಅದಕ್ಕೇ ಈ ಪತ್ರ.

ಆ ಒಂದು ಸಾಲಿನಲ್ಲಿ ಮೊದಲ ತಪ್ಪು ‘ಶೇ 10’ ಎಂಬುದರಲ್ಲೇ ಇದೆ. ತೂಕದಲ್ಲಿ ಶೇ 10ರೋ, ಗಾತ್ರದಲ್ಲಿ ಶೇ 10ರೋ? ಎಂ-ಸ್ಯಾಂಡಿನ (ಕಲ್ಲು ಪುಡಿ ಮಾಡಿದ ಮರಳಿನ) ಸಾಪೇಕ್ಷ ಸಾಂದ್ರತೆ, ಅಂದರೆ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು, ಸುಮಾರು 2.65, ಟೈರ್ ರಬ್ಬರಿನದು 1.15ರ ಆಸುಪಾಸು. ಎಂ25 (28 ದಿನಕ್ಕೆ 25 ಮೆಗಾಪ್ಯಾಸ್ಕಲ್ ಒತ್ತಡ ತಾಳುವ ದರ್ಜೆ) ಕೆಲಸಕ್ಕೆ ಹಿಡಿಯಬಹುದಾದ ಒಂದು ಪ್ರಮಾಣವನ್ನೇ ತೆಗೆದುಕೊಳ್ಳಿ: ಒಂದು ಘನ ಮೀಟರಿಗೆ ಸಿಮೆಂಟು 360 ಕೆಜಿ, ನೀರು 170 ಲೀಟರ್, ಎಂ-ಸ್ಯಾಂಡ್ 720 ಕೆಜಿ, ಜಲ್ಲಿ 1150 ಕೆಜಿ. ಗಾತ್ರದ ಲೆಕ್ಕದಲ್ಲಿ ಶೇ 10 ಮರಳು ತೆಗೆದರೆ 72 ಕೆಜಿ ಹೊರಗೆ ಹೋಗುತ್ತದೆ; ಆ 27 ಲೀಟರ್ ಜಾಗ ತುಂಬಲು ಬೇಕಾದ ರಬ್ಬರ್ ಸುಮಾರು 31 ಕೆಜಿ. ತೂಕದ ಲೆಕ್ಕ ಹಿಡಿದವರು 72 ಕೆಜಿ ಮರಳು ತೆಗೆದು 72 ಕೆಜಿ ರಬ್ಬರ್ ಹಾಕುತ್ತಾರೆ. ಅದು 63 ಲೀಟರ್ ಜಾಗ ಹಿಡಿಯುತ್ತದೆ. ಅಂದರೆ ಶೇ 10 ಎಂದು ಬರೆದುಕೊಂಡು ಶೇ 23 ಹಾಕಿದಂತಾಯಿತು. ಮಿಶ್ರಣವೂ 35 ಲೀಟರಿನಷ್ಟು ಉಬ್ಬುವುದರಿಂದ ಘನ ಮೀಟರಿಗೆ ಬೀಳುವ ಸಿಮೆಂಟು 360ರಿಂದ 348 ಕೆಜಿಗೆ ಇಳಿಯುತ್ತದೆ. ಯಾರೂ ಕದಿಯದೆಯೇ ಸಿಮೆಂಟು ಕಡಿಮೆಯಾಗುವುದು ಹೀಗೆ.

ಸೈಟಿನಲ್ಲಿ ಮೇಸ್ತ್ರಿಗಳಿಗೆ ಘನ ಮೀಟರಿನ ಲೆಕ್ಕ ಕೊಟ್ಟು ಉಪಯೋಗವಿಲ್ಲ. ಮೇಲಿನ ಪ್ರಮಾಣವನ್ನೇ, ಗಾತ್ರದಲ್ಲಿ ಶೇ 10 ಮರಳು ತೆಗೆದು, 50 ಕೆಜಿಯ ಒಂದು ಮೂಟೆ ಸಿಮೆಂಟಿಗೆ ಇಳಿಸಿದರೆ ಎಂ-ಸ್ಯಾಂಡ್ 90 ಕೆಜಿ, ಜಲ್ಲಿ 160 ಕೆಜಿ, ರಬ್ಬರ್ 4.35 ಕೆಜಿ, ನೀರು 23.5 ಲೀಟರ್. ಮರಳು, ಜಲ್ಲಿಯನ್ನು ಅಳತೆ ಪೆಟ್ಟಿಗೆಯಲ್ಲಿ ಹಾಕುವುದು ರೂಢಿ, ಹಾಗೇ ಇರಲಿ. ರಬ್ಬರನ್ನು ಮಾತ್ರ ತಕ್ಕಡಿಯಲ್ಲೇ ತೂಗಬೇಕು. ಪುಡಿಯನ್ನು ಸಡಿಲವಾಗಿ ತುಂಬಿದಾಗ ಒಂದು ತೂಕ, ಅದುಮಿ ತುಂಬಿದಾಗ ಇನ್ನೊಂದು; ಬಾಂಡ್ಲಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. 4.35 ಕೆಜಿಯ ಪೊಟ್ಟಣಗಳನ್ನು ಮೊದಲೇ ಕಟ್ಟಿಟ್ಟು ಮೂಟೆಗೊಂದರಂತೆ ಸುರಿಯುವುದು ಎಲ್ಲಕ್ಕಿಂತ ಸುಲಭ.

ರಬ್ಬರ್ ಹಾಕಿದರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ. ಇದನ್ನು ಮುಚ್ಚಿಟ್ಟು ಯಾರಾದರೂ ಶಿಫಾರಸು ಮಾಡಿದರೆ ನಂಬಬೇಡಿ. ಮರಳಿನ ಗಾತ್ರದಲ್ಲಿ ಶೇ 10 ಬದಲಿಸಿದರೆ 28 ದಿನದ ಒತ್ತುಬಲ ಶೇ 10ರಿಂದ 20ರಷ್ಟು ಇಳಿಯಬಹುದೆಂದು ಲೆಕ್ಕ ಇಟ್ಟುಕೊಳ್ಳಬೇಕು; ಶೇ 20 ಬದಲಿಸಿದರೆ ಮೂರನೇ ಒಂದರಷ್ಟು ಹೋದರೂ ಆಶ್ಚರ್ಯವಿಲ್ಲ. ಜಲ್ಲಿಯನ್ನೇ ಪೂರ್ತಿ ತೆಗೆದು ಟೈರ್ ಚೂರು ಹಾಕಿದ ಪ್ರಯೋಗಗಳಲ್ಲಿ ಶೇ 85ರವರೆಗೂ ಬಲ ಹೋದದ್ದು ದಾಖಲಾಗಿದೆ. ಕಾರಣ ಮೂರು. ರಬ್ಬರ್ ಮೆತ್ತಗಿನ ವಸ್ತು, ಭಾರ ಬಿದ್ದಾಗ ತಾನು ಹೊರದೆ ಸುತ್ತಲಿನ ಸಿಮೆಂಟಿನ ಮೇಲೆ ಹಾಕುತ್ತದೆ. ಅದರ ಮೈಗೆ ನೀರು ಅಂಟುವುದಿಲ್ಲ, ಗಾಳಿ ಅಂಟುತ್ತದೆ; ಕಾಂಕ್ರೀಟಿನಲ್ಲಿ ಶೇ 1 ಗಾಳಿ ಹೆಚ್ಚಾದರೆ ಬಲ ಸುಮಾರು ಶೇ 5 ಇಳಿಯುತ್ತದೆ. ಮೂರನೆಯದು, ಟೈರು ತಯಾರಿಸುವಾಗ ಹಾಕಿದ ಸತು ಮತ್ತು ಸ್ಟಿಯರಿಕ್ ಆಮ್ಲ ಸೇರಿ ಆಗುವ ಜಿಂಕ್ ಸ್ಟಿಯರೇಟ್ ರಬ್ಬರಿನ ಮೇಲ್ಮೈಗೆ ಬಂದು ಸೋಪಿನ ಪದರದಂತೆ ಕೂತು ಸಿಮೆಂಟನ್ನು ಹಿಡಿಯಗೊಡುವುದಿಲ್ಲ.

ಇವುಗಳಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಬಹುಪಾಲು ಸರಿಪಡಿಸಬಹುದು. ಒಂದು ಬಕೆಟ್ ನೀರಿಗೆ ಒಂದು ಹಿಡಿ ರಬ್ಬರ್ ಪುಡಿ ಹಾಕಿ ನೋಡಿ. ನೀರಿಗಿಂತ ಭಾರವಾದ ವಸ್ತು ಮುಳುಗಬೇಕು, ಆದರೆ ತೇಲುತ್ತದೆ. ಪ್ರತಿ ಕಾಳಿನ ಮೈಗೂ ಗಾಳಿಯ ಪೊರೆ ಹತ್ತಿಕೊಂಡಿರುತ್ತದೆ. ಆಗಾಗ ಕದಡುತ್ತ 24 ಗಂಟೆ ಬಿಟ್ಟರೆ ಒಂದೊಂದೇ ಕಾಳು ತಳಕ್ಕಿಳಿಯುತ್ತದೆ. ಹೆಚ್ಚಿನ ಪುಡಿ ತಳ ಕಂಡ ಮೇಲೆ ನೀರು ಬಸಿದು, ಗೋಣಿತಾಟಿನ ಮೇಲೆ ನೆರಳಲ್ಲಿ ಹರಡಿ, ಮೈಯ ಪಸೆ ಆರಿದ ಮೇಲೆ ಬಳಸಬೇಕು. ಬೇಗ ಮುಳುಗಲಿ ಎಂದು ಸೋಪಿನ ನೀರು ಹಾಕುವುದು ದೊಡ್ಡ ತಪ್ಪು: ಸೋಪು ಮಿಕ್ಸರಿನಲ್ಲಿ ನೊರೆಯೆಬ್ಬಿಸಿ, ನಾವು ಹೊರಹಾಕಿದ್ದಕ್ಕಿಂತ ಹೆಚ್ಚು ಗಾಳಿಯನ್ನು ಒಳಗೆ ತರುತ್ತದೆ.

ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಮಾಡುವುದು ಕಾಸ್ಟಿಕ್ ಸೋಡಾ ಉಪಚಾರ. ಲೀಟರಿಗೆ 40 ಗ್ರಾಂ ಕರಗಿಸಿ, 20ರಿಂದ 30 ನಿಮಿಷ ನೆನೆಸಿ, ಲಿಟ್ಮಸ್ ಕಾಗದ ಬಣ್ಣ ಬದಲಿಸದಷ್ಟು ತೊಳೆಯಬೇಕು. ಜಿಂಕ್ ಸ್ಟಿಯರೇಟ್ ಪದರ ಕರಗಿ ಹೋಗುತ್ತದೆ, ಹಿಡಿತ ಸುಧಾರಿಸುತ್ತದೆ. ಆದರೆ ಆ ತೊಳೆದ ನೀರನ್ನು ಎಲ್ಲಿ ಬಿಡುವುದು? ಮಲೆನಾಡಿನಲ್ಲಿ ಯಾವ ಚರಂಡಿಯೂ ಕೊನೆಗೆ ತುಂಗೆ, ಭದ್ರೆ, ಶರಾವತಿಯಂಥ ಯಾವುದೋ ಹೊಳೆಗೆ ಸೇರುವಂಥದು. ಆ ನೀರನ್ನು ತಟಸ್ಥಗೊಳಿಸುವ ತೊಟ್ಟಿ ಇರುವ ಕಾರ್ಖಾನೆಗೆ ಮಾತ್ರ ಈ ವಿಧಾನಕ್ಕೆ ಅನುಮತಿ ಕೊಡಿ. ಸೈಟಿನಲ್ಲಿ ಬೇಡ. ನೀರಲ್ಲಿ ನೆನೆಸಿ, ಮೇಲೆ ಸಿಮೆಂಟಿನ ಲೇಪ ಕೊಡುವ ದಾರಿ ನಮ್ಮ ಜಿಲ್ಲೆಗೆ ಸಾಕು ಎಂಬುದು ನಮ್ಮ ಅಭಿಪ್ರಾಯ. ಲೇಪಕ್ಕೆ ಬೇರೆ ಸಾಮಾನು ಬೇಕಿಲ್ಲ: ಮಿಕ್ಸರಿಗೆ ಮೊದಲು ರಬ್ಬರ್, ಅದರ ಮೇಲೆ ಆ ಮೂಟೆಯ ಸಿಮೆಂಟಿನಿಂದಲೇ ನಾಲ್ಕೈದು ಕೆಜಿ, ಲೆಕ್ಕದ ನೀರಿನಿಂದಲೇ ಎರಡು ಲೀಟರ್. ಎರಡು ನಿಮಿಷ ತಿರುಗಿಸಿದರೆ ಕರಿ ಕಾಳು ಬೂದಿ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಜಲ್ಲಿ, ಮರಳು, ಉಳಿದ ಸಿಮೆಂಟು, ಉಳಿದ ನೀರು. ಇನ್ನು ಮೂರು ನಿಮಿಷ.

ರಬ್ಬರ್ ಹಾಕಿದ ಮಿಶ್ರಣ ನೋಡಲು ಗಟ್ಟಿಯಾಗಿ ಕಾಣುತ್ತದೆ, ಸ್ಲಂಪ್ (ಹಸಿ ಕಾಂಕ್ರೀಟು ಎಷ್ಟು ಕುಸಿಯುತ್ತದೆ ಎಂಬ ಅಳತೆ) ಕಡಿಮೆ ಬರುತ್ತದೆ. ಆಗ ಕೈ ತಾನಾಗಿ ನೀರಿನ ಬಕೆಟ್ಟಿಗೆ ಹೋಗುತ್ತದೆ. ಅಲ್ಲೇ ಕೆಲಸ ಕೆಡುವುದು. ನೀರು ಬೇಡ, ಸಿಮೆಂಟಿನ ತೂಕದ ಶೇ 0.5ರಿಂದ 1ರಷ್ಟು ಸೂಪರ್‌ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಮಿಶ್ರಣವನ್ನು ಸಡಿಲಗೊಳಿಸುವ ದ್ರಾವಣ) ಹಾಕಲಿ. ನಮ್ಮ ಕಡೆ ಇನ್ನೊಂದು ತೊಂದರೆಯೂ ಇದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಯಲಲ್ಲಿ ರಾಶಿ ಹಾಕಿದ ಎಂ-ಸ್ಯಾಂಡಿನಲ್ಲಿ ಶೇ 6 ನೀರಿದ್ದರೆ, ಮೂಟೆಯ ಪಾಲಿನ 90 ಕೆಜಿ ಮರಳು ತನ್ನೊಂದಿಗೇ ಸುಮಾರು 5.5 ಲೀಟರ್ ನೀರು ತರುತ್ತದೆ. ಅದನ್ನು ಕಳೆಯದೆ 23.5 ಲೀಟರ್ ಪೂರ್ತಿ ಹಾಕಿದರೆ ನೀರು-ಸಿಮೆಂಟಿನ ಅನುಪಾತ 0.47ರಿಂದ 0.58ಕ್ಕೆ ಏರುತ್ತದೆ. ಮಾಮೂಲಿ ಕಾಂಕ್ರೀಟಿಗೇ ಇದು ಪೆಟ್ಟು. ರಬ್ಬರಿನಿಂದ ಮೊದಲೇ ಸೊರಗಿದ ಕಾಂಕ್ರೀಟು ಇದನ್ನು ತಡೆದುಕೊಳ್ಳುವುದಿಲ್ಲ. ಪ್ರತಿ ದಿನ ಬೆಳಿಗ್ಗೆ ಒಂದು ಕೆಜಿ ಮರಳನ್ನು ಬಾಣಲೆಯಲ್ಲಿ ಹುರಿದು ತೂಗಿ, ಆ ದಿನದ ನೀರಿನ ಲೆಕ್ಕವನ್ನು ಮಿಕ್ಸರಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು ಎಂದು ಷರತ್ತು ಹಾಕಿ. ಹತ್ತು ನಿಮಿಷದ ಕೆಲಸ.

ಇಂಟರ್‌ಲಾಕ್ ಕಲ್ಲುಗಳಿಗೆ ಬಂದರೆ, ಒಣ ಮಿಶ್ರಣವನ್ನು ಯಂತ್ರದಲ್ಲಿ ಒತ್ತಿ ತಕ್ಷಣ ಅಚ್ಚು ತೆಗೆಯುವ ಪದ್ಧತಿ ರಬ್ಬರಿಗೆ ಅಷ್ಟಾಗಿ ಹೊಂದುವುದಿಲ್ಲ. ಒತ್ತಡ ಬಿಟ್ಟ ಕೂಡಲೇ ರಬ್ಬರ್ ಹಿಗ್ಗಿ ಕಲ್ಲಿನ ಎತ್ತರ ಏರುಪೇರಾಗುತ್ತದೆ, ಅಂಚು ಉದುರುತ್ತದೆ. ಪ್ಲಾಸ್ಟಿಕ್ ಅಥವಾ ರಬ್ಬರ್ ಅಚ್ಚಿನಲ್ಲಿ ಹಸಿ ಮಿಶ್ರಣ ಸುರಿದು, ಅದುರುವ ಮೇಜಿನ ಮೇಲಿಟ್ಟು, ಮರುದಿನ ಬಿಡಿಸುವ ಪದ್ಧತಿಯೇ ಒಳ್ಳೆಯದು. ಅಚ್ಚಿನ ತಳಕ್ಕೆ, ಅಂದರೆ ಮುಂದೆ ಕಾಲು ತುಳಿಯುವ ಮುಖಕ್ಕೆ, 10 ಮಿ.ಮೀ. ರಬ್ಬರಿಲ್ಲದ ಮಿಶ್ರಣ, ಅದರ ಮೇಲೆ, ಅದು ಹಸಿಯಿರುವಾಗಲೇ, ರಬ್ಬರಿನ ಮಿಶ್ರಣ. ಹೀಗೆ ಮಾಡಿದರೆ ಸವೆತ ರಬ್ಬರಿಗೆ ತಾಗುವುದಿಲ್ಲ, ಪುಡಿ ಎದ್ದು ಚರಂಡಿ ಸೇರುವುದೂ ತಪ್ಪುತ್ತದೆ. ಮುಖ ಗಾಜಿನಂತೆ ನುಣುಪಾಗಿರುವ ಅಚ್ಚು ಮಾತ್ರ ಬೇಡ. ಆಷಾಢದಲ್ಲಿ ಪಾಚಿ ಕಟ್ಟಿದ ನುಣುಪು ಕಲ್ಲಿನ ಮೇಲೆ ಜಾರಿ ಬೀಳುವವರು ಹೆಚ್ಚಾಗಿ ವಯಸ್ಸಾದವರು.

ಮೇಜನ್ನು ಬಹಳ ಹೊತ್ತು ಅದುರಿಸಿದರೆ ಹಗುರವಾದ ರಬ್ಬರ್ ಮೇಲಕ್ಕೇಳುತ್ತದೆ. ದಿನಕ್ಕೊಂದು ಕಲ್ಲನ್ನು ಸೀಳಿ ಒಳಮೈ ನೋಡಲಿ. ಕಪ್ಪು ಚುಕ್ಕೆಗಳು ಎಳ್ಳುಂಡೆಯಲ್ಲಿ ಎಳ್ಳಿದ್ದಂತೆ ಎಲ್ಲ ಕಡೆ ಸಮನಾಗಿ ಹರಡಿದ್ದರೆ ಸರಿ. ಒಂದೇ ಅಂಚಿಗೆ ಗುಂಪಾಗಿದ್ದರೆ ಅದುರಿಸುವ ಸಮಯ ಕಡಿಮೆ ಮಾಡಬೇಕು.

ಬಲ ಕುಗ್ಗುವ ಲೆಕ್ಕವನ್ನು ಮೊದಲೇ ಹಿಡಿದು ಮಿಶ್ರಣ ರೂಪಿಸಬೇಕು. ಎಂ25ಕ್ಕೆ ಗುರಿಯಾಗಿ ಇಟ್ಟುಕೊಳ್ಳುವ ಸರಾಸರಿ ಬಲ 31.6 ಮೆಗಾಪ್ಯಾಸ್ಕಲ್. ರಬ್ಬರಿನಿಂದ ಶೇ 15 ಹೋಗುತ್ತದೆಂದರೆ, ರಬ್ಬರಿಲ್ಲದಾಗ ಆ ಮಿಶ್ರಣ 37-38 ಮೆಗಾಪ್ಯಾಸ್ಕಲ್ ಕೊಡುವಂತಿರಬೇಕು. ಇದಕ್ಕೆ ನೀರು ಇಳಿಸಬೇಕು, ಇಲ್ಲವೇ ಸಿಮೆಂಟು ಏರಿಸಬೇಕು. ಸಿಮೆಂಟು ಏರಿಸುತ್ತ ಹೋದರೆ ಪರಿಸರಕ್ಕೆಂದು ಶುರು ಮಾಡಿದ ಕೆಲಸ ಪರಿಸರದ ಲೆಕ್ಕದಲ್ಲೇ ನಷ್ಟಕ್ಕಿಳಿಯುತ್ತದೆ. ಶೇ 10ಕ್ಕಿಂತ ಮೇಲೆ ಹೋಗಬೇಡಿ ಎಂದು ನಾವು ಹೇಳುವುದು ಇದಕ್ಕೇ. ಫುಟ್‌ಪಾತಿನ ಕೆಳಗೆ ಹಾಕುವ ಬೆಡ್ ಕಾಂಕ್ರೀಟು, ಪೈಪ್ ಹೂತ ಕಾಲುವೆ ಮುಚ್ಚುವ ಕಾಂಕ್ರೀಟು ಇಂಥ ಕೆಳದರ್ಜೆಯ ಕೆಲಸಗಳಿಗೆ ಮಾತ್ರ, ಕ್ಯೂಬ್ ಪರೀಕ್ಷೆ (ಎರಕ ಹೊಯ್ದ ಘನಾಕಾರದ ಮಾದರಿಯನ್ನು ಯಂತ್ರದಲ್ಲಿ ಒತ್ತಿ ಬಲ ನೋಡುವುದು) ಪಾಸಾದರೆ, ಶೇ 20ರವರೆಗೆ ಹೋಗಬಹುದು.

ಬಲ ಕುಗ್ಗುವುದಾದರೆ ಯಾಕೆ ಹಾಕಬೇಕು ಎಂದು ಕೇಳುವವರಿದ್ದಾರೆ. ಮಾಮೂಲಿ ಕ್ಯೂಬನ್ನು ಯಂತ್ರದಲ್ಲಿ ಒತ್ತಿದರೆ ಕೊನೆಗೆ ಒಮ್ಮೆಲೇ ಸಿಡಿದು ಚೂರಾಗುತ್ತದೆ. ರಬ್ಬರಿನ ಕ್ಯೂಬು ಬಿರುಕು ಬಿಟ್ಟ ಮೇಲೂ ಚೂರುಗಳನ್ನು ಹಿಡಿದುಕೊಂಡು, ಬಳುಕಿ, ನಿಧಾನ ಸೋಲುತ್ತದೆ. ಪೆಟ್ಟನ್ನು ತಾಳಿಕೊಳ್ಳುವ ಗುಣ ಅದಕ್ಕೆ ಹೆಚ್ಚು. ಫುಟ್‌ಪಾತಿನ ಮೇಲೆ ಗ್ಯಾಸ್ ಸಿಲಿಂಡರ್ ಎಸೆದಾಗ, ಬೈಕ್ ಹತ್ತಿಸಿದಾಗ ಕಲ್ಲಿನ ಮೂಲೆ ಮುರಿಯುವುದಕ್ಕೆ ಬೇಕಾದ ಮದ್ದು ಅದೇ. ಉದ್ಯಾನದ ನಡಿಗೆ ದಾರಿ, ಶಾಲೆಯ ಅಂಗಳ, ಕೊಟ್ಟಿಗೆಯ ನೆಲ, ಭಾರ ಹೊರದ ಅಡ್ಡಗೋಡೆಯ ಬ್ಲಾಕು, ಇವೆಲ್ಲ ಇದಕ್ಕೆ ಒಪ್ಪುವ ಜಾಗಗಳು.

ಒಪ್ಪದ ಜಾಗಗಳನ್ನು ಟೆಂಡರಿನಲ್ಲಿ ಹೆಸರು ಹಿಡಿದು ಬರೆಯಬೇಕು. ಕಂಬ, ತೊಲೆ, ಲಿಂಟಲ್, ಚಾವಣಿ, ಪಾಯ, ನೀರಿನ ಟ್ಯಾಂಕು, ಮೋರಿ, ಚರಂಡಿಯ ಮುಚ್ಚಳದ ಚಪ್ಪಡಿ. ಮತ್ತು ಕಾಲುಸಂಕ. ಮಲೆನಾಡಿನ ಮಕ್ಕಳು ಉಕ್ಕಿ ಹರಿಯುವ ಹಳ್ಳವನ್ನು ಕಾಲುಸಂಕದ ಮೇಲೆ ದಾಟಿ ಶಾಲೆಗೆ ಹೋಗುತ್ತಾರೆ, ಅಲ್ಲಿ ಪ್ರಯೋಗ ಮಾಡುವಂತಿಲ್ಲ. ಕಬ್ಬಿಣ ಹಾಕಿದ ಯಾವ ಕಾಂಕ್ರೀಟಿಗೂ ಬೇಡವೆನ್ನಲು ಕಾರಣಗಳಿವೆ: ರಬ್ಬರ್ ಸೇರಿದರೆ ಬಿಗಿತ ಕಡಿಮೆಯಾಗಿ ಚಪ್ಪಡಿ ಹೆಚ್ಚು ಬಾಗುತ್ತದೆ; ಸೂಕ್ಷ್ಮ ಸಂದುಗಳಿಂದ ನೀರು ಇಳಿದು, ನಾಲ್ಕು ತಿಂಗಳು ಆರದ ನಮ್ಮ ಹವೆಯಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಐಎಸ್ 383:2016 ಮರಳು-ಜಲ್ಲಿಯ ಬದಲಿಗೆ ಸ್ಲಾಗನ್ನೂ ಒಡೆದ ಹಳೇ ಕಾಂಕ್ರೀಟನ್ನೂ ಮಿತಿಯೊಳಗೆ ಒಪ್ಪಿದೆ, ಟೈರ್ ರಬ್ಬರನ್ನು ಆ ಪಟ್ಟಿಗೆ ಸೇರಿಸಿಲ್ಲ. ಬೆಂಕಿಯ ಬಿಸಿ ತಾಗುವಲ್ಲಿಯೂ ಬೇಡ. ಅಡಿಕೆ ಬೇಯಿಸುವ ಒಲೆಯ ಸುತ್ತ ಇದನ್ನು ಹಾಕಿದರೆ ರಬ್ಬರ್ ಕೆಟ್ಟು ಹೊಗೆ ಬರುತ್ತದೆ. ಅಡಿಕೆ ಒಣಗಿಸುವ ಅಂಗಳಕ್ಕೂ ಬೇಡ: ಅದು ಜನ ಬಾಯಿಗೆ ಹಾಕುವ ಪದಾರ್ಥ.

ನೀರಿನ ವಿಷಯ ಇನ್ನೊಂದು ಮಾತು. ಟೈರಿನ ರಬ್ಬರ್ ಹಾಳಾಗದಿರಲೆಂದು ಹಾಕುವ ಒಂದು ರಾಸಾಯನಿಕ ಗಾಳಿಯ ಓಝೋನಿನ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಎಂಬ ವಸ್ತುವಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಕೋಹೊ ಸಾಲ್ಮನ್ ಮೀನುಗಳು ಮಳೆ ಬಂದಾಗಲೆಲ್ಲ ಸಾಯುತ್ತಿದ್ದುದಕ್ಕೆ ಇದೇ ಕಾರಣವೆಂದು 2020ರಲ್ಲಿ ಗೊತ್ತಾಯಿತು. ತುಂಗೆಯ ಮೀನುಗಳು ಬೇರೆ ಜಾತಿಯವು, ಅಲ್ಲಿನದನ್ನು ಇಲ್ಲಿಗೆ ನೇರ ಹೇಳುವಂತಿಲ್ಲ. ಆದರೂ ಶೃಂಗೇರಿಯಲ್ಲಿ ಮೀನನ್ನು ದೇವರಂತೆ ಕಾಯುವ ಹೊಳೆ ಇದು. ಸಿಮೆಂಟಿನೊಳಗೆ ಕೂತ ರಬ್ಬರಿನಿಂದ ಸೋರುವುದು ಬಿಡಿ ಪುಡಿಯಿಂದ ಸೋರುವುದಕ್ಕಿಂತ ಬಹಳ ಕಡಿಮೆ. ಭಯ ಇರುವುದು ಬಿಡಿ ಪುಡಿಯಿಂದಲೇ. ಆದ್ದರಿಂದ ಪುಡಿಯ ಚೀಲಗಳು ಸೂರಿನಡಿ ಇರಲಿ, ನೆನೆಸಿದ ನೀರನ್ನು ಮರುದಿನದ ನೆನೆಸುವಿಕೆಗೇ ಬಳಸಲಿ, ಕಲ್ಲು ಕತ್ತರಿಸಿದ ಕೆಸರನ್ನು ಗುಡಿಸಿ ಚೀಲಕ್ಕೆ ತುಂಬಲಿ. ನೀರು ಇಂಗಿಸುವ ರಂಧ್ರಗಳ ಕಾಂಕ್ರೀಟಿಗೆ ಮತ್ತು ಹೊಳೆದಂಡೆಯ ಕೆಲಸಕ್ಕೆ ಟೈರ್ ಪುಡಿ ಬೇಡವೇ ಬೇಡ.

ಪುಡಿಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿದ ಘಟಕದಿಂದಲೇ ಕೊಳ್ಳಬೇಕು, ಬಿಲ್ಲು ಕಡತದಲ್ಲಿರಬೇಕು. 2.36 ಮಿ.ಮೀ. ಜರಡಿಯಲ್ಲಿ ಇಳಿದು 600 ಮೈಕ್ರಾನ್ ಜರಡಿಯ ಮೇಲೆ ನಿಲ್ಲುವ ಕಾಳು ಸಾಕು. ದೊಡ್ಡ ಚೂರು ಕಾಂಕ್ರೀಟಿನೊಳಗೆ ಪೊಳ್ಳಿನಂತೆ ವರ್ತಿಸುತ್ತದೆ, ತೀರಾ ಹಿಟ್ಟಾದರೆ ಗಂಟು ಕಟ್ಟುತ್ತದೆ. ಒಂದು ಕೆಜಿಯನ್ನು ತಟ್ಟೆಯಲ್ಲಿ ಹರಡಿ ಅಯಸ್ಕಾಂತ ಆಡಿಸಿದರೆ ತಂತಿಯ ಚೂರು ಅಂಟುತ್ತವೆ. ಅಂಥ ಚೂರು ಕಲ್ಲಿನ ಮೇಲ್ಮೈಗೆ ಬಂದರೆ ಮೊದಲ ಮಳೆಗೇ ಕೆಂಪು ಕಲೆ. ಹತ್ತಿಯ ಉಂಡೆಯಂಥ ನೂಲು ಕಂಡರೆ ಆ ಚೀಲ ವಾಪಸ್ ಹೋಗಲಿ. ಬೆಲೆಯ ಬಗ್ಗೆಯೂ ಮುಚ್ಚುಮರೆ ಬೇಡ. ಕೆಜಿ ಲೆಕ್ಕದಲ್ಲಿ ಟೈರ್ ಪುಡಿ ಎಂ-ಸ್ಯಾಂಡಿಗಿಂತ ಹಲವು ಪಟ್ಟು ದುಬಾರಿ. ಕಾಂಕ್ರೀಟು ಅಗ್ಗವಾಗುತ್ತದೆ ಎಂದು ಯಾರಿಗೂ ಹೇಳಬೇಡಿ. ದರ ವಿಶ್ಲೇಷಣೆಯಲ್ಲಿ ಇದನ್ನು ಪ್ರತ್ಯೇಕ ಐಟಂ ಆಗಿ ತೋರಿಸದಿದ್ದರೆ ಗುತ್ತಿಗೆದಾರರು ನೆನೆಸುವುದನ್ನೂ ತೂಗುವುದನ್ನೂ ಬಿಟ್ಟುಬಿಡುತ್ತಾರೆ.

ಕಲ್ಲುಗಳನ್ನು ಇಂಟರ್‌ಲಾಕ್ ಕಲ್ಲುಗಳ ಮಾನದಂಡವಾದ ಐಎಸ್ 15658ರ ಪರೀಕ್ಷೆಗಳಿಂದಲೇ ಅಳೆಯಿರಿ: 60 ಮಿ.ಮೀ. ದಪ್ಪದ ಕಲ್ಲಿಗೆ ಎಂ35ರ ಬಲ (ಮೇಲಿನ ಎಂ25ರ ಮಿಶ್ರಣ ಲೆಕ್ಕ ತೋರಿಸಲಷ್ಟೇ, ಕಲ್ಲಿಗೆ ಅದು ಸಾಲದು), ನೀರು ಹೀರುವಿಕೆ ಸರಾಸರಿ ಶೇ 6ರೊಳಗೆ, ಜೊತೆಗೆ ಸವೆತದ ಪರೀಕ್ಷೆ. ರಬ್ಬರ್ ಇದೆಯೆಂದು ಒಂದಂಶವೂ ರಿಯಾಯಿತಿ ಬೇಡ. 28 ದಿನ ಕಾಯುವ ಮೊದಲೇ ತಪ್ಪು ಹಿಡಿಯಲು ತಕ್ಕಡಿಯೊಂದೇ ಸಾಕು. ಮೊದಲು ಹೇಳಿದ ಮಿಶ್ರಣದ 15 ಸೆಂ.ಮೀ. ಕ್ಯೂಬು ರಬ್ಬರಿಲ್ಲದಾಗ ಸುಮಾರು 8.1 ಕೆಜಿ ತೂಗುತ್ತದೆ. ಗಾತ್ರದಲ್ಲಿ ಶೇ 10 ರಬ್ಬರ್ ಸೇರಿದರೆ, ಸ್ವಲ್ಪ ಗಾಳಿಯನ್ನೂ ಲೆಕ್ಕ ಹಿಡಿದು, 7.8 ಕೆಜಿಯ ಹತ್ತಿರ. 7.5ಕ್ಕೆ ಇಳಿದಿದ್ದರೆ ರಬ್ಬರನ್ನು ಮರಳಿನ ತೂಕಕ್ಕೆ ತೂಕ ಹಾಕಿದ್ದಾರೆ ಅಥವಾ ಗಾಳಿ ತುಂಬಿದೆ. ಆ ದಿನದ ಕೆಲಸವನ್ನು ಅಲ್ಲಿಗೇ ನಿಲ್ಲಿಸಬಹುದು.

ಎಷ್ಟು ಟೈರು ಖರ್ಚಾಗುತ್ತದೆ? 50 ಕೆಜಿಯ ಒಂದು ಲಾರಿ ಟೈರಿನಿಂದ ತಂತಿ ಕಳೆದು ಸುಮಾರು 35 ಕೆಜಿ ಪುಡಿ ಸಿಕ್ಕೀತು. ಘನ ಮೀಟರಿಗೆ 31 ಕೆಜಿ ಎಂದರೆ ಹೆಚ್ಚುಕಡಿಮೆ ಘನ ಮೀಟರಿಗೊಂದು ಲಾರಿ ಟೈರು. ಎರಡು ಮೀಟರ್ ಅಗಲದ ಒಂದು ಕಿಲೋಮೀಟರ್ ಫುಟ್‌ಪಾತಿಗೆ 60 ಮಿ.ಮೀ. ಕಲ್ಲು ಹಾಸಿದರೆ 120 ಘನ ಮೀಟರ್; ಮೇಲ್ಮುಖದ ಪದರ ಕಳೆದರೂ ತೊಂಬತ್ತು ಟೈರುಗಳ ಆಸುಪಾಸು. ಜಿಲ್ಲೆಯ ಎಲ್ಲ ಟೈರೂ ಇದರಲ್ಲಿ ಮುಗಿಯುವುದಿಲ್ಲ. ಆದರೆ ತೊಂಬತ್ತು ಟೈರುಗಳು ಪಂಕ್ಚರ್ ಅಂಗಡಿಯ ಹಿಂದಿನಿಂದ ಹೋಗುತ್ತವೆ.

ನಮ್ಮ ಬೇಡಿಕೆ ಸಣ್ಣದು. ನಗರದಲ್ಲಿ 200 ಚದರ ಮೀಟರ್, ಇನ್ನೂ ಹೆಚ್ಚು ಮಳೆ ಬೀಳುವ ತೀರ್ಥಹಳ್ಳಿ ಅಥವಾ ಹೊಸನಗರ ತಾಲ್ಲೂಕಿನಲ್ಲಿ 200 ಚದರ ಮೀಟರ್ ಫುಟ್‌ಪಾತನ್ನು ಪ್ರಯೋಗಕ್ಕೆ ಕೊಡಿ. ಎರಡು ಕಡೆಯೂ ಅರ್ಧಕ್ಕೆ ಮಾಮೂಲಿ ಕಲ್ಲು, ಅರ್ಧಕ್ಕೆ ರಬ್ಬರಿನದು. ಅದೇ ಗುತ್ತಿಗೆದಾರರು, ಅದೇ ವಾರ, ಅದೇ ಸಿಮೆಂಟು. ಡಿಸೆಂಬರ್-ಜನವರಿಯಲ್ಲಿ ಕಲ್ಲು ಎರಕ ಹೊಯ್ದು, ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ 28 ದಿನದ ಪರೀಕ್ಷೆ ಮುಗಿಸಿ, ಮಾರ್ಚ್ ಒಳಗೆ ಹಾಸಬಹುದು. ಅಕ್ಟೋಬರಿನಲ್ಲಿ ಎರಡೂ ಅರ್ಧಗಳಲ್ಲಿ ಮುರಿದ ಮೂಲೆ, ಎದ್ದ ಕಲ್ಲು, ತುಕ್ಕಿನ ಕಲೆ, ಪಾಚಿ ಎಷ್ಟೆಂದು ಎಣಿಸಿ, ಆ ಎಣಿಕೆಯನ್ನೂ ಪ್ರಯೋಗಾಲಯದ ವರದಿಯನ್ನೂ ಪಾಲಿಕೆಯ ಫಲಕದಲ್ಲಿ ಹಾಕಿ. ಟೆಂಡರಿನ ಷರತ್ತುಗಳ ಕರಡು ಬರೆಯಲು, ಮೊದಲ ದಿನ ಮಿಕ್ಸರಿನ ಪಕ್ಕ ನಿಂತು ಅಳತೆ ತೋರಿಸಿಕೊಡಲು ನಾವು ಬರುತ್ತೇವೆ.

ತಮ್ಮ ವಿಶ್ವಾಸಿಗಳು,
ಕಾಂಕ್ರೀಟ್ ಕೆಲಸದಲ್ಲಿರುವ ಎಂಜಿನಿಯರುಗಳು ಮತ್ತು ಮೇಸ್ತ್ರಿಗಳು
ಶಿವಮೊಗ್ಗ